ಕಾಮ್ರೇಡ್ಸ್ ಓಡಬೇಕೆಂದಿದ್ದರೆ ಇಳಿಜಾರು ಕಲಿಯಿರಿ

ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಮ್ಯಾರಥಾನ್ ಹೇಗಿರುತ್ತದೆ, ಮಂಗಳೂರಿನ ಸೆಕೆಯಲ್ಲೇ ಇದ್ದುಕೊಂಡು ಅದಕ್ಕೆ ತಯಾರಾಗಬಹುದಾ ಅಂತ ಕೇಳಿದ್ದೀರಿ. ಖಂಡಿತ ಆಗಬಹುದು. ನಾನೂ ಮಂಗಳೂರಿನವನೇ. 2023ರ ಜೂನ್ 11ರಂದು ಅದನ್ನು ಓಡಿ ಮುಗಿಸಿದೆ.

ಹೆಸರಿಗೆ ಮ್ಯಾರಥಾನ್, ಆದರೆ ದೂರ ಅದರ ಎರಡು ಪಟ್ಟು. ಪೀಟರ್‌ಮಾರಿಟ್ಜ್‌ಬರ್ಗ್ ಮತ್ತು ಡರ್ಬನ್ ನಡುವಿನ ರಸ್ತೆ ಅದು. ಡರ್ಬನ್ ಕಡಲ ತೀರದಲ್ಲಿದೆ, ಇನ್ನೊಂದು ಊರು ಒಳನಾಡಿನಲ್ಲಿ, ಎತ್ತರದಲ್ಲಿ. ಸಾಮಾನ್ಯವಾಗಿ ಒಂದು ವರ್ಷ ಮೇಲಕ್ಕೆ, ಇನ್ನೊಂದು ವರ್ಷ ಕೆಳಕ್ಕೆ ಓಡಿಸುತ್ತಾರೆ. ನನ್ನದು ಡೌನ್ ರನ್, 87.7 ಕಿಲೋಮೀಟರ್. 12 ಗಂಟೆಯೊಳಗೆ ಮುಗಿಸಬೇಕು. ನಡುನಡುವೆಯೂ ಕಟ್‌ಆಫ್ ಇರುತ್ತದೆ. ಅಲ್ಲಿಗೆ ಹೊತ್ತಿಗೆ ಸರಿಯಾಗಿ ತಲುಪದವರ ಓಟ ಅಲ್ಲಿಗೇ ಮುಗಿಯಿತು.

ಡೌನ್ ರನ್ ಅಂದ ಕೂಡಲೇ "ಇಳಿಯೋದು ತಾನೇ" ಅನ್ನುವವರೇ ಜಾಸ್ತಿ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಏರುವಾಗ ದಮ್ಮು ಕಟ್ಟಿದರೆ ನಾಲ್ಕು ಹೆಜ್ಜೆ ನಡೆದು ಸುಧಾರಿಸಿಕೊಳ್ಳಬಹುದು. ಇಳಿಯುವಾಗ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಬ್ರೇಕ್ ಹಿಡಿಯುತ್ತದೆ. ಮೈಭಾರ ತಡೆಯುತ್ತಲೇ ಅದು ಹಿಗ್ಗಬೇಕು, ಆಗ ಒಳಗೆ ಎಳೆಗಳು ಸಣ್ಣಗೆ ಹರಿಯುತ್ತವೆ. ಫೀಲ್ಡ್ಸ್ ಹಿಲ್ ಅಂತ ಒಂದು ಇಳಿಜಾರಿದೆ. ಸುಮಾರು 3 ಕಿಲೋಮೀಟರ್, ಕಡಿದಾದದ್ದು. ಅದು ಬರುವುದು 60 ಕಿಲೋಮೀಟರ್ ದಾಟಿದ ಮೇಲೆ. ಗಟ್ಟಿಮುಟ್ಟಾದ ಓಟಗಾರರು ಅಲ್ಲಿ ರಸ್ತೆ ಬದಿಯ ಕಬ್ಬಿಣದ ತಡೆ ಹಿಡಿದುಕೊಂಡು, ಅಡ್ಡಡ್ಡ ಹೆಜ್ಜೆ ಇಡುತ್ತಾ ಇಳಿಯುವುದನ್ನು ನೋಡಿದೆ. ಅವರಿಗೆ ಉಸಿರು ಬೇಕಾದಷ್ಟಿತ್ತು, ತೊಡೆ ಕೈಕೊಟ್ಟಿತ್ತು.

ಸಮಾಧಾನದ ವಿಷಯ ಏನೆಂದರೆ, ಸ್ನಾಯು ಇದನ್ನು ಕಲಿಯುತ್ತದೆ. ಒಮ್ಮೆ ಇಳಿಜಾರಿನಲ್ಲಿ ಚೆನ್ನಾಗಿ ಓಡಿ ಎರಡು ದಿನ ನೋವು ತಿಂದರೆ, ಮುಂದಿನ ಕೆಲವು ವಾರ ಅಂಥದ್ದೇ ಇಳಿಜಾರಿಗೆ ಅಷ್ಟು ನೋವಾಗುವುದಿಲ್ಲ. ಆದ್ದರಿಂದ ತಯಾರಿಯ ಉದ್ದಕ್ಕೂ ಆಗಾಗ ಇಳಿಯುತ್ತಿರಬೇಕು. ಇದಕ್ಕೆ ನಮ್ಮ ಜಿಲ್ಲೆಗಳಷ್ಟು ಒಳ್ಳೆಯ ಜಾಗ ಇನ್ನೆಲ್ಲಿದೆ ಮಾರಾಯ್ರೇ? ಪಣಂಬೂರು, ತಣ್ಣೀರುಬಾವಿ ಕಡೆ ಎಷ್ಟು ಓಡಿದರೂ ಅದು ಸಮತಟ್ಟು. ನಾನು ವಾರದ ನಡುವೆ ಮರವೂರು ಸೇತುವೆಯಿಂದ ಕೆಂಜಾರಿನ ವಿಮಾನ ನಿಲ್ದಾಣದ ಗುಡ್ಡ ಹತ್ತಿ ಇಳಿಯುತ್ತಿದ್ದೆ. ಕದ್ರಿ ಗುಡ್ಡವೂ ಆಗುತ್ತದೆ. ದೊಡ್ಡ ಪಾಠಕ್ಕೆ ಆಗುಂಬೆ ಘಾಟಿ. ಹೆಬ್ರಿ ಮೇಲಿಂದ ಕಾರಿನಲ್ಲಿ ಹೋಗಿ, ಆಗುಂಬೆಯಲ್ಲಿ ಇಳಿದು, 14 ತಿರುವು ಓಡಿಕೊಂಡು ಘಾಟಿಯ ಬುಡದ ಸೋಮೇಶ್ವರಕ್ಕೆ ಬರುವುದು. ಭಾವ ಕೆಳಗೆ ಬೊಂಡ (ಎಳನೀರು) ಕೆತ್ತಿಸಿಕೊಂಡು ಕಾಯುತ್ತಿದ್ದರು. ಬೆಳಕು ಹರಿದ ಮೇಲೆಯೇ ಓಡಿ, ಹೊಳೆಯುವ ಜಾಕೆಟ್ ಹಾಕಿ, ಒಬ್ಬರೇ ಹೋಗಬೇಡಿ. ತಿರುವಿನಲ್ಲಿ ಬಸ್ಸಿನವರಿಗೆ ನೀವು ಕಾಣುವುದು ಕೊನೇ ಗಳಿಗೆಯಲ್ಲಿ.

ಇಳಿಯುವಾಗ ಹಿಂದಕ್ಕೆ ವಾಲಬೇಡಿ. ಹೆಜ್ಜೆ ಚಿಕ್ಕದಿರಲಿ, ಬೇಗಬೇಗ ಬೀಳಲಿ, ಹಿಮ್ಮಡಿ ಕುಕ್ಕಬೇಡಿ. ಶೂ ಲೇಸ್ ಮೇಲಿನ ತೂತಿನವರೆಗೂ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಪಾದ ಮುಂದೆ ಜಾರಿ ಉಗುರು ಕಪ್ಪಾಗುತ್ತದೆ.

ಸೆಕೆಯ ಬಗ್ಗೆ ನಿಮಗಿರುವ ಹೆದರಿಕೆ ಬೇಡ. ಏಪ್ರಿಲ್, ಮೇ ತಿಂಗಳ ನಮ್ಮ ಮುಂಜಾನೆಯಲ್ಲಿ ಉದ್ದ ಓಟ ಓಡಿದವರಿಗೆ ಅಲ್ಲಿನ ಜೂನ್ ಚಳಿಗಾಲ ಹಿತವೇ. ಮುಂಜಾನೆ ನಡುಗುವಷ್ಟು ಚಳಿ, ಹಾಗಾಗಿ ಬಿಸಾಡಬಹುದಾದ ಒಂದು ಹಳೇ ಸ್ವೆಟರ್ ಒಯ್ಯಿರಿ. ಮಧ್ಯಾಹ್ನ ಬಿಸಿಲಿದ್ದರೂ ನಮ್ಮ ಹಾಗೆ ಜಿಗುಟು ಬೆವರಿಲ್ಲ. ಇನ್ನೊಂದು ಅನುಕೂಲ: ಇಲ್ಲಿ ಮಳೆಗಾಲ ಶುರುವಾಗುವ ಹೊತ್ತಿಗೆ ನಿಮ್ಮ ದೊಡ್ಡ ಓಟಗಳೆಲ್ಲ ಮುಗಿದಿರುತ್ತವೆ.

ಇನ್ನು ಓಟದ ದಿನ. ನಾನು ಓಡಿದ ವರ್ಷ ಬೆಳಗಿನ 5.30ಕ್ಕೆ ಪೀಟರ್‌ಮಾರಿಟ್ಜ್‌ಬರ್ಗ್ ಸಿಟಿ ಹಾಲ್ ಎದುರು ಶುರುವಾಗಿತ್ತು. ರಾಷ್ಟ್ರಗೀತೆ ಆಗುತ್ತದೆ. ಆಮೇಲೆ ಅಲ್ಲಿನ ಗಣಿ ಕಾರ್ಮಿಕರ ಹಳೇ ಹಾಡೊಂದನ್ನು ಸಾವಿರಾರು ಜನ ಕತ್ತಲಲ್ಲಿ ಒಟ್ಟಿಗೆ ಹಾಡುತ್ತಾರೆ. ಕೊನೆಗೆ ಕೋಳಿ ಕೂಗು. ಮ್ಯಾಕ್ಸ್ ಟ್ರಿಂಬೋರ್ನ್ ಎಂಬ ಓಟಗಾರ ಹಿಂದೆ ಕೋಳಿಯಂತೆ ಕೂಗುತ್ತಿದ್ದರಂತೆ, ಅದರ ರೆಕಾರ್ಡಿಂಗ್ ಈಗಲೂ ಹಾಕುತ್ತಾರೆ. ತಕ್ಷಣ ಗುಂಡು ಹಾರುತ್ತದೆ.

ಆ ಊರಿನ ರೈಲ್ವೆ ನಿಲ್ದಾಣಕ್ಕೆ ಹಿಂದಿನ ದಿನ ಹೋಗಿದ್ದೆ. 1893ರ ಜೂನ್ 7ರ ರಾತ್ರಿ ಗಾಂಧೀಜಿಯನ್ನು ರೈಲಿನಿಂದ ಹೊರದಬ್ಬಿದ್ದು ಅಲ್ಲೇ. ಈ ಓಟಕ್ಕೂ ಅಂಥದ್ದೇ ಒಂದು ಹಿನ್ನೆಲೆ ಇದೆ. ಮೊದಲ ಮಹಾಯುದ್ಧದಲ್ಲಿ ಸತ್ತ ಜೊತೆಗಾರರ ನೆನಪಿಗೆ ವಿಕ್ ಕ್ಲ್ಯಾಫಮ್ ಎಂಬ ಸೈನಿಕ 1921ರಲ್ಲಿ ಶುರುಮಾಡಿದ ಓಟ ಇದು. ಆದರೆ ಕಪ್ಪು ಜನರಿಗೂ ಹೆಂಗಸರಿಗೂ ಅಧಿಕೃತವಾಗಿ ಅವಕಾಶ ಸಿಕ್ಕಿದ್ದು 1975ರಲ್ಲಿ. ರಾಬರ್ಟ್ ಮ್ತ್ಸಾಲಿ ಎಂಬ ಕಪ್ಪು ಓಟಗಾರ 1935ರಲ್ಲೇ ಇದನ್ನು ಓಡಿ ಮುಗಿಸಿದ್ದರು, ಅವರ ಹೆಸರು ಫಲಿತಾಂಶದಲ್ಲಿ ಸೇರಲಿಲ್ಲ. ಈಗ 9 ಗಂಟೆಯಿಂದ 10 ಗಂಟೆಯೊಳಗೆ ಮುಗಿಸುವವರಿಗೆ ಕೊಡುವ ಮೆಡಲ್‌ಗೆ ಅವರ ಹೆಸರಿದೆ. ಆ ರಸ್ತೆಯಲ್ಲಿ ಓಡುವವರು ಇದನ್ನು ತಿಳಿದುಕೊಂಡೇ ಓಡಬೇಕು ಅಂತ ನನಗನಿಸುತ್ತದೆ.

ದಾರಿಯಲ್ಲಿ ನೀರು ಕೊಡುವುದು ಪ್ಲಾಸ್ಟಿಕ್ ಪೊಟ್ಟಣದಲ್ಲಿ. ಮೂಲೆ ಕಚ್ಚಿ, ಹಿಂಡಿ ಕುಡಿಯಬೇಕು. ಓಡುತ್ತಲೇ ಕುಡಿಯಬಹುದು, ಅರ್ಧ ಉಳಿದರೆ ಕೈಯಲ್ಲಿ ಹಿಡಿದುಕೊಳ್ಳಬಹುದು. ನನಗಂತೂ ಕಪ್‌ಗಿಂತ ಇದೇ ಇಷ್ಟವಾಯಿತು. ಬೇಯಿಸಿದ ಆಲೂಗಡ್ಡೆಗೆ ಉಪ್ಪು ಸವರಿ ಕೊಡುತ್ತಾರೆ. ಬಾಳೆಹಣ್ಣು, ಕಿತ್ತಳೆ, ಕೋಕ್ ಎಲ್ಲ ಇರುತ್ತದೆ. ಸಸ್ಯಾಹಾರಿಗಳಿಗೆ ಏನೂ ಕಷ್ಟವಿಲ್ಲ. ದಾರಿಯಲ್ಲಿ ಇಂಚಾಂಗ ಎಂಬ ಊರಿನ ಬಳಿ ಎಥೆಂಬೇನಿ ಎಂಬ ಅಂಗವಿಕಲ ಮಕ್ಕಳ ಶಾಲೆಯಿದೆ. ಮಕ್ಕಳು ರಸ್ತೆಬದಿ ಸಾಲಾಗಿ ಕೈಚಾಚಿಕೊಂಡಿರುತ್ತಾರೆ. ಗಾಲಿಕುರ್ಚಿಯಲ್ಲಿದ್ದ ಒಬ್ಬ ಹುಡುಗ ನನ್ನ ಎದೆಯ ಮೇಲಿನ ಬಿಬ್ (ಹೆಸರು, ನಂಬರಿನ ಚೀಟಿ) ನೋಡಿ, ಹೆಸರು ಅಕ್ಷರ ಅಕ್ಷರ ಕೂಡಿಸಿ ಓದಿ ಕೂಗಿದ. ಅಲ್ಲಿ ನಾನು ನಿಂತು, ಆ ಸಾಲಿನ ಪ್ರತಿಯೊಂದು ಕೈಯನ್ನೂ ಮುಟ್ಟಿ ಮುಂದೆ ಹೋದೆ. ನಿಮ್ಮ ಗಡಿಯಾರ ಎಷ್ಟೇ ಬಿಗಿ ಇದ್ದರೂ ಅಲ್ಲಿ ನಿಲ್ಲಿ.

ಅರ್ಧ ದಾರಿ ಡ್ರಮಂಡ್. ಅಲ್ಲಿಂದ ಮುಂದೆ ಒಂದು "ಬಸ್" ಜೊತೆ ಸೇರಿಕೊಂಡೆ. 12 ಗಂಟೆಯೊಳಗೆ ತಲುಪಿಸುತ್ತೇನೆ ಎಂದು ಬಾವುಟ ಹಿಡಿದು ಓಡುವ ಅನುಭವಿ ಓಟಗಾರ, ಅವರೇ ಡ್ರೈವರ್. ಹಿಂದೆ ರಸ್ತೆ ತುಂಬ ಜನ. ಏರು ಬಂದರೆ ಅವರು ಕೈ ಎತ್ತುತ್ತಾರೆ, ಎಲ್ಲರೂ ನಡೆಯುತ್ತಾರೆ. ಕೈ ಇಳಿಸಿ ಕೂಗಿದರೆ ಎಲ್ಲರೂ ಓಡುತ್ತಾರೆ. ಅಲ್ಲಿನ ಜುಲು ಭಾಷೆಯ ಹಾಡು ನಿಲ್ಲುವುದೇ ಇಲ್ಲ, ಹೆಜ್ಜೆ ಆ ತಾಳಕ್ಕೇ ಬೀಳುತ್ತದೆ. ಯಾವಾಗ ನಡೆಯಬೇಕು, ಯಾವಾಗ ಓಡಬೇಕು ಎಂಬ ಯೋಚನೆಯೇ ತಲೆಯಿಂದ ಇಳಿದುಹೋಗುತ್ತದೆ. ಅಷ್ಟು ಹೊತ್ತಿನ ಮೇಲೆ ಅದೊಂದು ದೊಡ್ಡ ಉಪಕಾರ. ಮೊದಲ ಸಲ ಹೋಗುವವರು ದ್ವಿತೀಯಾರ್ಧಕ್ಕೆ ಬಸ್ ಹಿಡಿಯಿರಿ ಅಂತಲೇ ನಾನು ಹೇಳುವುದು.

ಓಟ ಮುಗಿದದ್ದು ಡರ್ಬನ್‌ನ ಕಿಂಗ್ಸ್‌ಮೀಡ್ ಕ್ರಿಕೆಟ್ ಮೈದಾನದಲ್ಲಿ. ಆ ವರ್ಷ ಗೆದ್ದ ಟೆಟೆ ಡಿಜಾನಾ 5 ಗಂಟೆ 13 ನಿಮಿಷದಲ್ಲಿ ತಲುಪಿದ್ದರು. ನನಗೆ ಸಿಕ್ಕಿದ್ದು 11 ಗಂಟೆ ದಾಟಿದವರಿಗೆ ಕೊಡುವ ವಿಕ್ ಕ್ಲ್ಯಾಫಮ್ ಮೆಡಲ್. ನಾಣ್ಯದಷ್ಟು ಚಿಕ್ಕದು, ನನಗೆ ಅದಕ್ಕಿಂತ ದೊಡ್ಡದಿಲ್ಲ. 12 ಗಂಟೆಗೆ ಸರಿಯಾಗಿ ಒಬ್ಬ ಅಧಿಕಾರಿ ಓಟಗಾರರಿಗೆ ಬೆನ್ನು ಹಾಕಿ ನಿಂತು ಗುಂಡು ಹಾರಿಸುತ್ತಾರೆ. ಎರಡು ಹೆಜ್ಜೆ ಹಿಂದೆ ಇದ್ದವರಿಗೂ ಮೆಡಲ್ ಇಲ್ಲ. ನೋಡಲು ಸಂಕಟವಾಗುತ್ತದೆ. ಆದರೂ ಈ ನಿಯಮ ಹೀಗೇ ಇರಬೇಕು ಅನ್ನುವವನು ನಾನು. ಗಡುವು ಎಲ್ಲರಿಗೂ ಒಂದೇ ಎಂಬ ನಂಬಿಕೆಯ ಮೇಲೆಯೇ ಆ ಹನ್ನೆರಡು ಗಂಟೆ ನಿಂತಿದೆ.

ಕಾಗದಪತ್ರದ ಕೆಲಸ: ಮೊದಲು ಒಂದು ಪೂರ್ಣ ಮ್ಯಾರಥಾನ್ ಕಾಮ್ರೇಡ್ಸ್ ಸಂಘಟಕರು ಹೇಳಿದ ಸಮಯದೊಳಗೆ ಮುಗಿಸಿರಬೇಕು. ಜನವರಿಯ ಮುಂಬೈ ಮ್ಯಾರಥಾನ್ ಇದಕ್ಕೆ ಸರಿಹೋಗುತ್ತದೆ. ವೀಸಾಕ್ಕೆ ಬೇಗ ಅರ್ಜಿ ಹಾಕಿ. ವಿಮಾನ ದುಬೈ ಮೇಲಿಂದ ಹೋಗುವುದನ್ನೇ ನೋಡಿ. ಇಥಿಯೋಪಿಯಾ, ಕೀನ್ಯಾ ಮೇಲಿಂದ ಹೋದರೆ ಹಳದಿ ಜ್ವರದ ಲಸಿಕೆ ಪ್ರಮಾಣಪತ್ರದ ತಲೆನೋವು ಬರಬಹುದು. ನೀವು ಹೋಗುವ ವರ್ಷ ಅಪ್ ರನ್ ಆಗಿದ್ದರೆ ಮಾತ್ರ ನನ್ನ ಲೆಕ್ಕ ತಿರುಗಿಸಿಕೊಳ್ಳಿ: ಸೋಮೇಶ್ವರದಿಂದ ಹೊರಟು ಆಗುಂಬೆಗೆ ಹತ್ತಿ, ಇಳಿಯಲು ಕಾರು ಹಿಡಿಯಿರಿ.