ಮಗ ವ್ಯಾನಲ್ಲೇ ಸಂಸಾರ ಹೂಡ್ತಾನಂತೆ!

ಪ್ರಶ್ನೆ: ಮಗ ಕ್ಯಾಲಿಫೋರ್ನಿಯಾದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಬಾಡಿಗೆ ಕಟ್ಟಿ ಸಾಕಾಯ್ತು, ಹಳೇ ವ್ಯಾನ್ ಕೊಂಡು ಅದರಲ್ಲೇ ಇರ್ತೀನಿ ಅಂತಾನೆ. ನನಗೆ ನಿದ್ದೆಯೇ ಬರುತ್ತಿಲ್ಲ. ಏನು ಹೇಳಲಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮಗನಿಗೆ ತಲೆ ಕೆಟ್ಟಿಲ್ಲ ತಾಯಿ. 2009ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕೆನ್ ಇಲ್ಗುನಾಸ್ 1,500 ಡಾಲರಿಗೆ ಹಳೇ ಫೋರ್ಡ್ ವ್ಯಾನ್ ಕೊಂಡು, ಅದರಲ್ಲೇ ಇದ್ದು, ಸಾಲವಿಲ್ಲದೆ ಓದು ಮುಗಿಸಿದ. ಸ್ನಾನಕ್ಕೆ ಜಿಮ್, ಕರೆಂಟಿಗೆ ಲೈಬ್ರರಿ.

ಆದರೆ ಆತ ಅಲ್ಲಿಯವನೇ. ನಿಮ್ಮ ಮಗ ಎಫ್-1, ಅಂದರೆ ವಿದೇಶಿ ವಿದ್ಯಾರ್ಥಿಗಳಿಗೆ ಕೊಡುವ ವೀಸಾದಲ್ಲಿದ್ದರೆ, ವಾಸದ ವಿಳಾಸ ಬದಲಾದ 10 ದಿನದೊಳಗೆ ಕಾಲೇಜಿಗೆ ತಿಳಿಸಬೇಕು. "ವ್ಯಾನು, ಮೂರನೇ ಮರದ ಕೆಳಗೆ" ಅಂತ ಬರೆದುಕೊಡೋಕಾಗುತ್ತಾ? ಕೊಳ್ಳುವ ಮುಂಚೆಯೇ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ವಿಚಾರಿಸಲಿ. ರಾತ್ರಿ ಗಾಡಿ ನಿಲ್ಲಿಸುವ ನಿಯಮವೂ ಊರಿಗೊಂದು. ಲಾಂಗ್ ಬೀಚ್ ಸಿಟಿ ಕಾಲೇಜು ಕಾರಲ್ಲಿ ಮಲಗುವ ತನ್ನ ವಿದ್ಯಾರ್ಥಿಗಳಿಗೆ 2021ರಲ್ಲಿ ಪಾರ್ಕಿಂಗ್ ಜಾಗವನ್ನೇ ಕೊಟ್ಟಿತು. ಎಲ್ಲ ಕಡೆ ಹಾಗಿಲ್ಲ.

ನನಗೆ ಭಯ ಒಲೆಯದ್ದು. ಬಾಗಿಲು, ಕಿಟಕಿ ಮುಚ್ಚಿಕೊಂಡು ಗ್ಯಾಸ್ ಹಚ್ಚಿ ಅನ್ನಕ್ಕಿಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬರೀ ತಲೆನೋವು ಅಂತ ಮಲಗಿದವರು ಏಳದೇ ಹೋಗಬಹುದು. ಅದರ ಅಲಾರಂ ಸಿಗುತ್ತೆ, ಹಾಕಿಸಲೇಬೇಕು. ಚಳಿ ಅಂತ ಎಂಜಿನ್ ಓಡಿಸಿಟ್ಟು ಮಲಗಲೂಬಾರದು. ಉಸಿರಿನ ತೇವ ತಗಡಿಗೆ ಕೂತು ಹಾಸಿಗೆಯ ಅಡಿ ಬೂಸ್ಟು ಹಿಡಿಯುತ್ತೆ; ಕಿಟಕಿ ಒಂದು ಬೆರಳಷ್ಟಾದರೂ ತೆರೆದಿರಲಿ.

ನನ್ನ ಕೇಳಿದರೆ, ನಾಲ್ಕು ಹುಡುಗರ ಜೊತೆ ಫ್ಲಾಟಿನ ಹಾಲಲ್ಲಿ ಚಾಪೆ ಹಾಸಿ ಮಲಗೋದೇ ವಾಸಿ. ಹಟ ಬಿಡದಿದ್ದರೆ ಇನ್ಶೂರೆನ್ಸು, ರಿಪೇರಿ, ಪೆಟ್ರೋಲು ಸೇರಿಸಿ ತಿಂಗಳ ಲೆಕ್ಕ ಬರೆದು ಕಳಿಸು ಅನ್ನಿ.