ಚೆನ್ನೈ ಬೇಡ, ಸ್ಲೋ ಲೋಕಲ್ ಸಾಕು

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಿಂದ ಬಂದ ಈ ಪತ್ರ ನಾಲ್ಕು ಪುಟದ್ದು. ಮೂರೂವರೆ ಪುಟದ ತುಂಬ ಆಸ್ಪತ್ರೆಗಳ ಹೆಸರು, ಮಗುವಿನ ಸುದ್ದಿ ಅರ್ಧ ಪುಟ. ಓದಿ ಮಡಚಿಟ್ಟು ಸಾರಿಗೆ ಒಗ್ಗರಣೆ ಹಾಕಲು ಹೋದವಳು ಒಲೆ ಆರಿಸಿ ವಾಪಸ್ ಬಂದು ಮತ್ತೆ ಓದಿದೆ. ಯಾಕೆಂದು ಮುಂದೆ ಹೇಳುತ್ತೇನೆ.

ಸಂಗತಿ ಇಷ್ಟು. ಮಗಳಿಗೆ ನಾಲ್ಕೂವರೆ ವರ್ಷ. ಸುಮಾರು ಒಂದು ವರ್ಷದಿಂದ ಎಡಗಣ್ಣು ಮೂಗಿನ ಕಡೆ ವಾಲುತ್ತಿದೆ. ದಣಿದಾಗ, ಚಿತ್ರದ ಪುಸ್ತಕ ಹತ್ತಿರ ಹಿಡಿದಾಗ ಹೆಚ್ಚು. ಸ್ಟೇಷನ್ ಪಕ್ಕದ ಕನ್ನಡಕದಂಗಡಿಯಲ್ಲಿ ಮಶೀನಿನ ಮುಂದೆ ಗದ್ದ ಇಡಿಸಿ ನೋಡಿ 'ನಂಬರ್ ಏನೂ ಇಲ್ಲ, ದೊಡ್ಡವಳಾದ ಮೇಲೆ ಸರಿಹೋಗುತ್ತದೆ' ಅಂದರಂತೆ. ಬಾಗಲಕೋಟೆ ಕಡೆಯ ಅತ್ತೆ 'ಮೆಳ್ಳಗಣ್ಣಿನವರು ಅದೃಷ್ಟವಂತ್ರು ಆಗ್ತಾರ ಬಿಡವಾ' ಅಂದರು. ಬೆಂಗಳೂರಿನಲ್ಲಿರುವ ಭಾವ, ಅಂದರೆ ಗಂಡನ ಅಣ್ಣ, ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಪಟ್ಟಿ ಕಳಿಸಿದರು: ಚೆನ್ನೈನ ಶಂಕರ ನೇತ್ರಾಲಯ, ಹೈದರಾಬಾದಿನ ಎಲ್.ವಿ. ಪ್ರಸಾದ್, ಮದುರೈನ ಅರವಿಂದ, ಬೆಂಗಳೂರಿನದೇ ಎರಡು. ಪ್ರತಿಯೊಂದರ ಮುಂದೆ ನಕ್ಷತ್ರಗಳು. 'ಕಣ್ಣಿನ ವಿಷಯ, ಸಿಕ್ಕಸಿಕ್ಕಲ್ಲಿ ತೋರಿಸಬೇಡಿ, ದೀಪಾವಳಿಗೆ ಬನ್ನಿ, ಎಲ್ಲಾ ನಾನು ನೋಡಿಕೊಳ್ಳುತ್ತೇನೆ' ಎಂದು ಅಪ್ಪಣೆ. ಗಂಡ ಅಣ್ಣನ ಮಾತು ಮೀರುವವರಲ್ಲ. ಇನ್ನೂ ಗಣಪತಿಯೇ ಬಂದಿಲ್ಲ. 'ಯಾವ ಆಸ್ಪತ್ರೆ ಒಳ್ಳೆಯದು, ನೀವೇ ಹೇಳಿ ಅಕ್ಕಾ' ಎಂಬುದು ನಿಮ್ಮ ಪ್ರಶ್ನೆ.

ಒಗ್ಗರಣೆ ಬಿಟ್ಟು ಬಂದದ್ದು ಆ ಪ್ರಶ್ನೆಗಲ್ಲ. ಮೂರನೇ ಪುಟದಲ್ಲಿ, ಅವಳು ಎಷ್ಟು ಹಟಮಾರಿ ಎಂದು ಹೇಳಲಿಕ್ಕೆ ಒಂದು ಸಾಲು ಬರೆದಿದ್ದೀರಿ: 'ಕಣ್ಣಾಮುಚ್ಚಾಲೆ ಆಡುವಾಗ ಅವಳಪ್ಪ ತಮಾಷೆಗೆ ಒಂದೇ ಕಣ್ಣು ಮುಚ್ಚುತ್ತಾರೆ. ಎಡಗಣ್ಣು ಮುಚ್ಚಿದರೆ ಕಿಲಕಿಲ ನಗುತ್ತಾಳೆ, ಬಲಗಣ್ಣು ಮುಚ್ಚಿದರೆ ಕೈಯನ್ನು ಕಿತ್ತೆಸೆದು ಅಳುತ್ತಾಳೆ.'

ತಂಗೀ, ಅದು ಹಟ ಅಲ್ಲ. ಬಲಗಣ್ಣು ಮುಚ್ಚಿದಾಗ ಅವಳಿಗೆ ಬಹುಶಃ ನೀವು ಯಾರೂ ಸರಿಯಾಗಿ ಕಾಣುತ್ತಿಲ್ಲ. ಮನೆಯಲ್ಲಿ ಕರೆಂಟ್ ಹೋದಾಗ ಮಕ್ಕಳು ಅಳುವುದಿಲ್ಲವೇ, ಹಾಗೆ.

ಎರಡು ಕಣ್ಣು ಎರಡು ಕಡೆ ನೋಡಿದರೆ ಮಿದುಳಿಗೆ ಒಂದೇ ವಸ್ತು ಎರಡಾಗಿ ಕಾಣಬೇಕು. ಚಿಕ್ಕ ಮಕ್ಕಳ ಮಿದುಳು ಬಲು ಚುರುಕು, ವಾಲಿದ ಕಣ್ಣಿನ ಚಿತ್ರವನ್ನೇ ಬಿಟ್ಟುಬಿಡುತ್ತದೆ. ಹಾಗೆ ಬಿಡುತ್ತಾ ಬಿಡುತ್ತಾ ಆ ಕಣ್ಣು ನೋಡುವುದನ್ನೇ ಕಲಿಯುವುದಿಲ್ಲ. ಡಾಕ್ಟರುಗಳು ಲೇಜಿ ಐ ಅನ್ನುವುದು ಇದನ್ನೇ. ಕಣ್ಣು ಸೊಟ್ಟಗಿರುವುದು ಹೊರಗೆ ಕಾಣುತ್ತದೆ, ನೋಟ ಕುಂದುತ್ತಿರುವುದು ಕಾಣುವುದಿಲ್ಲ. ನಿಮ್ಮ ಮನೆಯಲ್ಲಿ ಎಲ್ಲರೂ ಸೊಟ್ಟದ ಬಗ್ಗೆ ಮಾತಾಡುತ್ತಿದ್ದೀರಿ.

ಕನ್ನಡಕದಂಗಡಿಯವರ ಮಾತಿಗೆ ಬರೋಣ. ಈ ವಯಸ್ಸಿನ ಮಕ್ಕಳ ಕಣ್ಣಿನ ಮಸೂರ ರಬ್ಬರಿನ ಹಾಗೆ. ಪ್ಲಸ್ ನಂಬರ್ ಇದ್ದರೂ ಬಿಗಿ ಹಿಡಿದು ಅದನ್ನು ಮುಚ್ಚಿಟ್ಟುಕೊಳ್ಳುತ್ತದೆ, ಹಾಗೆ ಬಿಗಿ ಹಿಡಿಯುವಾಗಲೇ ಎಷ್ಟೋ ಮಕ್ಕಳ ಕಣ್ಣು ಒಳಕ್ಕೆ ಸರಿಯುವುದು. ಅದಕ್ಕೇ ಔಷಧ ಹಾಕಿ ಪಾಪೆ ದೊಡ್ಡದು ಮಾಡಿ, ಆ ಬಿಗಿತ ಸಡಿಲಿಸಿಯೇ ನಂಬರ್ ನೋಡಬೇಕು. ನಮ್ಮ ಕಡೆ ಸಾಮಾನ್ಯವಾಗಿ ಅಟ್ರೋಪಿನ್ ಮುಲಾಮು ಕೊಟ್ಟು ಮೂರು ದಿನ ಮನೆಯಲ್ಲೇ ಹಚ್ಚಿಸಿ ಕರೆಸುತ್ತಾರೆ. ಒಂದೆರಡು ವಾರ ಬೆಳಕು ಚುಚ್ಚುತ್ತದೆ, ಹತ್ತಿರದ್ದು ಮಸುಕು, ಮಗು ಕಿರಿಕಿರಿ ಮಾಡುತ್ತದೆ. ಹೆದರಬೇಡಿ. ಮುಖ ಕೆಂಪಗಾಗಿ ಜ್ವರ ಬಂದರೆ ಮಾತ್ರ ಹಚ್ಚುವುದು ನಿಲ್ಲಿಸಿ ಡಾಕ್ಟರಿಗೆ ಹೇಳಿ. ಔಷಧ ಹಾಕದೆ ಮಶೀನ್ ಹೇಳಿದ 'ನಂಬರ್ ಇಲ್ಲ' ಎಂಬ ಮಾತನ್ನು ಮರೆತುಬಿಡಿ.

ಇನ್ನು ಯಾವ ಆಸ್ಪತ್ರೆ? ಇಲ್ಲಿ ನನ್ನದೊಂದು ಹಳೆಯ ಹಟವಿದೆ, ಈ ಅಂಕಣ ಓದುವವರಿಗೆ ಗೊತ್ತು. ಹತ್ತು ಸಲ ಹೋಗಿ ಬರಲು ಆಗುವ ಆಸ್ಪತ್ರೆಯೇ ಒಳ್ಳೆಯ ಆಸ್ಪತ್ರೆ. ಭಾವನವರ ಪಟ್ಟಿಯಲ್ಲಿರುವವೆಲ್ಲ ಘನವಾದ ಸಂಸ್ಥೆಗಳೇ. ಅರವಿಂದ 1976ರಲ್ಲಿ, ಶಂಕರ ನೇತ್ರಾಲಯ 1978ರಲ್ಲಿ, ಎಲ್.ವಿ. ಪ್ರಸಾದ್ 1987ರಲ್ಲಿ ಶುರುವಾದವು, ಅವುಗಳಿಂದ ಲಕ್ಷಗಟ್ಟಲೆ ಜನ ಬೆಳಕು ಕಂಡಿದ್ದಾರೆ. ಆದರೆ ಲೇಜಿ ಐ ಚಿಕಿತ್ಸೆ ಒಂದು ದಿನ ಮಲಗಿಸಿ ಕತ್ತರಿಸಿ ಕಳಿಸುವಂಥದ್ದಲ್ಲ. ಮೊದಲು ಕನ್ನಡಕ. ಕೆಲವು ಮಕ್ಕಳಿಗೆ ಅದೊಂದೇ ಸಾಕಾಗುತ್ತದೆ, ಕಣ್ಣೂ ನೆಟ್ಟಗಾಗುತ್ತದೆ. ಸಾಲದಿದ್ದರೆ ಚೆನ್ನಾಗಿರುವ ಕಣ್ಣಿಗೆ ಪ್ಯಾಚ್ ಅಂಟಿಸಿ ಸೋಮಾರಿ ಕಣ್ಣಿನಿಂದ ಕೆಲಸ ಮಾಡಿಸುವುದು. ಇದು ತಿಂಗಳುಗಟ್ಟಲೆ ನಡೆಯುತ್ತದೆ. ನಡುನಡುವೆ ತೋರಿಸಬೇಕು, ಗಂಟೆ ಹೆಚ್ಚುಕಡಿಮೆ ಮಾಡಬೇಕು, ನಂಬರ್ ಬದಲಾಗುತ್ತದೆ. ಅಮೆರಿಕದಲ್ಲಿ ಏಳು ವರ್ಷದೊಳಗಿನ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಮಧ್ಯಮ ಪ್ರಮಾಣದ ತೊಂದರೆಗೆ ದಿನಕ್ಕೆ ಆರು ಗಂಟೆ ಪ್ಯಾಚ್ ಕಟ್ಟಿದಷ್ಟೇ ಗುಣ ಎರಡು ಗಂಟೆಯಲ್ಲೂ ಸಿಕ್ಕಿತು. ನಿಮ್ಮ ಮಗಳಿಗೆ ಎಷ್ಟು ಗಂಟೆ ಎಂದು ಡಾಕ್ಟರು ಹೇಳಲಿ, ಆದರೆ ಆ ಗಂಟೆಗಳು ಕಳೆಯುವುದು ಚೆನ್ನೈನಲ್ಲಲ್ಲ, ನಿಮ್ಮ ಅಡುಗೆಮನೆಯಲ್ಲಿ, ಅವಳು ನೆಲದ ಮೇಲೆ ಕೂತು ಬಟಾಣಿ ಸುಲಿಯುವಾಗ.

ಅತ್ತೆಯ ಮೇಲೆ ನಿಮಗೆ ಸಿಟ್ಟಿದೆ, ನನಗಿಲ್ಲ. ಮೆಳ್ಳೆಗಣ್ಣು ಅದೃಷ್ಟ ಅಂದದ್ದು ತಪ್ಪು, ಒಪ್ಪಿದೆ. ಆದರೆ ಕಣ್ಣು ವಾಲುವುದನ್ನು ಮೊದಲು ಕಂಡವರೂ ಅವರೇ ಎಂದು ನೀವೇ ಬರೆದಿದ್ದೀರಿ. ಅವರ ಅಪ್ಪನಿಗೆ ಮೋದಿ ಡಾಕ್ಟರ ಕ್ಯಾಂಪಿನಲ್ಲಿ ಪೊರೆ ತೆಗೆದ ಕತೆಯನ್ನು ದಿನಾ ಹೇಳುತ್ತಾರೆ ಎಂದು ಬೇಸರಪಟ್ಟಿದ್ದೀರಿ. ಹೇಳಲಿ ಬಿಡಿ, ಕೂತು ಕೇಳಿ. ಬೀಳಗಿಯ ಎಂ.ಸಿ. ಮೋದಿಯವರು 1943ರಿಂದ ಹಳ್ಳಿಹಳ್ಳಿಗೆ ಆಸ್ಪತ್ರೆಯನ್ನೇ ಹೊತ್ತುಕೊಂಡು ಹೋದವರು, ಒಂದೇ ದಿನ 833 ಪೊರೆ ತೆಗೆದ ದಾಖಲೆ ಗಿನ್ನೆಸ್ ಪುಸ್ತಕದಲ್ಲಿತ್ತು. ಅವರು ಬಾಗಲಕೋಟೆಯ ರೈತನಿಗೆ ನಕ್ಷತ್ರದ ಪಟ್ಟಿ ಕಳಿಸಲಿಲ್ಲ, ಊರ ಶಾಲೆಯ ಜಗಲಿಗೇ ಬಂದರು. ನಿಮ್ಮ ಮನೆಯಲ್ಲಿ 'ಹತ್ತಿರ' ಎಂಬುದರ ಬೆಲೆ ಗೊತ್ತಿರುವವರು ಅತ್ತೆಯೊಬ್ಬರೇ.

ನನ್ನ ಸಿಟ್ಟೆಲ್ಲ ಭಾವನ ಮೇಲೆ. ಪ್ರೀತಿ ಇರಬಹುದು. ಆದರೆ ಮಗುವಿನ ಕಣ್ಣನ್ನು ದೀಪಾವಳಿಗೆ ಮುಂದೂಡುವ ಅಧಿಕಾರ ಇವರಿಗೆ ಯಾರು ಕೊಟ್ಟರು? ದೂರದಲ್ಲಿ ಕೂತು 'ಸಿಕ್ಕಸಿಕ್ಕಲ್ಲಿ ತೋರಿಸಬೇಡಿ' ಅನ್ನುವವರು ಪ್ರತಿ ಕುಟುಂಬದಲ್ಲೂ ಒಬ್ಬರಿರುತ್ತಾರೆ. ನಮ್ಮ ಮನೆಯಲ್ಲೂ ಇದ್ದರು. ನನ್ನ ಎಡಗಣ್ಣು ಸರಿಯಿಲ್ಲವೆಂದು ಆರನೇ ಇಯತ್ತೆಯಲ್ಲಿ ಶಾಲೆಯಲ್ಲಿ ಕಣ್ಣು ತಪಾಸಣೆಯಾದಾಗ ಗೊತ್ತಾಯಿತು. 'ಊರಿಗೆ ಬಂದಾಗ ದೊಡ್ಡ ಡಾಕ್ಟರಿಗೆ ತೋರಿಸೋಣ' ಅಂದರು ದೊಡ್ಡಪ್ಪ. ಊರಿಗೆ ಹೋದಾಗ ಮದುವೆ, ಇಲ್ಲವೇ ಡಾಕ್ಟರು ರಜೆ. ಮೂರು ಮೇ ತಿಂಗಳು ಹಾಗೇ ಹೋದವು. ಇವತ್ತಿಗೂ ಚಹಾ ಸೋಸುವಾಗ ಜಾಲರಿಯನ್ನು ಲೋಟದ ಅಂಚಿಗೆ ತಾಗಿಸಿಕೊಂಡೇ ಸುರಿಯುತ್ತೇನೆ, ಇಲ್ಲದಿದ್ದರೆ ಲೋಟ ಎಷ್ಟು ದೂರವಿದೆ ಎಂಬ ಅಂದಾಜು ತಪ್ಪಿ ಕಟ್ಟೆಗೆ ಹೋಗುತ್ತದೆ. ಆಗೆಲ್ಲ ಏಳು ದಾಟಿದರೆ ಮುಗಿಯಿತು ಅನ್ನುತ್ತಿದ್ದರು. ಈಗ ದೊಡ್ಡ ಮಕ್ಕಳಲ್ಲೂ ಸ್ವಲ್ಪಮಟ್ಟಿಗೆ ಗುಣ ಕಾಣುತ್ತಾರೆ, ಆದರೂ ನಾಲ್ಕೂವರೆಯಲ್ಲಿ ಸಿಗುವುದು ಹತ್ತರಲ್ಲಿ ಅಷ್ಟು ಸಲೀಸಾಗಿ ಸಿಗುವುದಿಲ್ಲ.

ಹಾಗಾಗಿ ಸೋಮವಾರ ಬೆಳಿಗ್ಗೆ ಸ್ಲೋ ಲೋಕಲ್ ಹಿಡಿದು ಸಾಯನ್‌ನಲ್ಲಿ ಇಳಿಯಿರಿ. ಲೋಕಮಾನ್ಯ ತಿಲಕ್ ಆಸ್ಪತ್ರೆಗೆ ಅಲ್ಲಿಂದ ನಡೆದೇ ಹೋಗಬಹುದು. ಕೇಸ್ ಪೇಪರ್ ಮಾಡಿಸಿ, ಕಣ್ಣಿನ ಓಪಿಡಿಯಲ್ಲಿ ಮಕ್ಕಳ ಮೆಳ್ಳೆಗಣ್ಣಿಗೆ ಬೇರೆ ದಿನ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಸಾಲು ಉದ್ದ ಇರುತ್ತದೆ, ಡಬ್ಬಿಯಲ್ಲಿ ಅವಲಕ್ಕಿ ಇರಲಿ. ಕೈಯಲ್ಲಿ ದುಡ್ಡಿದ್ದು ಸಾಲು ಬೇಡವಾದರೆ ಠಾಣೆಯಲ್ಲೋ ಮುಲುಂದದಲ್ಲೋ ಮಕ್ಕಳ ಕಣ್ಣನ್ನೇ ನೋಡುವ ಖಾಸಗಿ ಡಾಕ್ಟರ ಬಳಿ ಹೋಗಿ, ನನ್ನ ತಕರಾರಿಲ್ಲ. ಔಷಧ ಹಾಕಿ ನಂಬರ್ ನೋಡಬೇಕು, ಕಣ್ಣಿನ ಹಿಂಭಾಗವನ್ನೂ ಪರೀಕ್ಷಿಸಬೇಕು, ಅಷ್ಟೇ ಷರತ್ತು. ಮಕ್ಕಳಲ್ಲಿ ಕಣ್ಣು ವಾಲಲು ಅಪರೂಪಕ್ಕೆ ಒಳಗಿನ ಪೊರೆಯೋ ಗಡ್ಡೆಯೋ ಕಾರಣವಾಗುತ್ತದೆ. ಹಾಗೇನಾದರೂ ಸಿಕ್ಕು ಅವರೇ ಬೇರೆಡೆ ಕಳಿಸಿದರೆ ಆಗ ಭಾವನ ಪಟ್ಟಿ ತೆರೆಯಿರಿ.

ಹೊರಡುವ ಮುಂಚೆ ಫೋನಿನಲ್ಲಿರುವ ಅವಳ ಹುಟ್ಟುಹಬ್ಬದ ಫೋಟೋಗಳನ್ನು ಹಿಂದಿನಿಂದ ನೋಡುತ್ತಾ ಬನ್ನಿ. ಕಣ್ಣು ಯಾವಾಗಿನಿಂದ ವಾಲುತ್ತಿದೆ ಎಂದು ಡಾಕ್ಟರು ಕೇಳಿಯೇ ಕೇಳುತ್ತಾರೆ. ಫ್ಲ್ಯಾಶ್ ಬಿದ್ದ ಯಾವುದಾದರೂ ಫೋಟೋದಲ್ಲಿ ಒಂದು ಪಾಪೆ ಬೆಳ್ಳಗೆ ಹೊಳೆದಿದ್ದರೆ ಸೋಮವಾರವನ್ನೂ ಕಾಯಬೇಡಿ, ಅವತ್ತೇ ಹೋಗಿ.

ಗಂಡನಿಗೆ ರಜೆ ಸಿಗದಿದ್ದರೆ ಅತ್ತೆಯನ್ನು ಕರೆದುಕೊಂಡು ಹೋಗಿ. ಮಗುವನ್ನು ತೊಡೆಯ ಮೇಲೆ ಹಿಡಿದು ಕೂರಿಸಲು ಅವರಿಗಿಂತ ಗಟ್ಟಿ ಕೈ ಬೇಡ. ಬೆಂಗಳೂರಿಗೆ ಫೋನ್ ಮಾಡುವುದನ್ನು ಮಂಗಳವಾರಕ್ಕೆ ಇಟ್ಟುಕೊಳ್ಳಿ. ಡಾಕ್ಟರ ಮುಂದೆ ಕೂತಾಗ ಅಂಗಡಿಯವರು ಏನಂದರು, ಭಾವ ಏನಂದರು ಎಂದು ಶುರುಮಾಡಬೇಡಿ. ಬಲಗಣ್ಣು ಮುಚ್ಚಿದರೆ ಅಳುತ್ತಾಳೆ, ಎಡಗಣ್ಣು ಮುಚ್ಚಿದರೆ ನಗುತ್ತಾಳೆ ಎಂದು ಮೊದಲು ಹೇಳಿ.