ಯಾವ ಸ್ಟ್ರೆಸ್ಸು? ಮೊದ್ಲು ಅದನ್ನ ಹೇಳಿ

ಶಿವಮೊಗ್ಗದಲ್ಲಿ ಎಂಎಸ್ಸಿ ಸೈಕಾಲಜಿ ಓದ್ತಿರೋ ಓದುಗರೊಬ್ಬರ ಪತ್ರ: "ಪಿಯುಸಿ ಮಕ್ಕಳ ಸ್ಟ್ರೆಸ್ ಮೇಲೆ ಪ್ರಾಜೆಕ್ಟ್ ಮಾಡ್ತಿದೀನಿ. ರೆಡಿ ಇರೋ ಸ್ಕೇಲ್ (ಅಂದ್ರೆ ಸ್ಟ್ರೆಸ್ ಅಳೆಯೋ ಪ್ರಶ್ನೆಪಟ್ಟಿ) ಒಂದನ್ನ ಆರಿಸ್ಕೊಂಡು ಫಾರ್ಮ್ ಕಳಿಸಿಬಿಡು, ಡೆಫಿನಿಷನ್ ಆಮೇಲೆ ಬರ್ಕೋಬಹುದು ಅಂತಾರೆ ನಮ್ಮ ಗೈಡ್. ಯಾವ ಸ್ಕೇಲ್ ಒಳ್ಳೇದು ಸಾರ್?"

ಈಗಲೇ ಹೇಳಲ್ಲ. ಬೇಜಾರಾಗ್ಬೇಡಿ, ನಿಮಗೆ ಅನುಮಾನ ಬಂದಿರೋದಕ್ಕೇ ಈ ಪತ್ರ ಬರೆದಿದೀರಿ, ಆ ಅನುಮಾನ ನಂಗೆ ಬಹಳ ಇಷ್ಟ ಆಯ್ತು.

ಗೈಡ್ ಮಾತಲ್ಲೂ ಹುರುಳಿದೆ. ಬಳಸಿ ಪಳಗಿದ ಸ್ಕೇಲ್ ತಗೊಂಡ್ರೆ ಬೇರೆಯವರ ರಿಸಲ್ಟ್ ಜೊತೆ ಹೋಲಿಸ್ಬಹುದು, ಟೈಮೂ ಉಳಿಯುತ್ತೆ. ಒಪ್ಪಿದೆ. ಆದ್ರೆ ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋ ಈ ಅಭ್ಯಾಸ ನಂಗೆ ಸುತಾರಾಂ ಹಿಡಿಸಲ್ಲ.

1967ರಲ್ಲಿ ಹೋಮ್ಸ್ ಮತ್ತು ರಾಹೆ ಅನ್ನೋ ಅಮೆರಿಕದ ಮನೋವೈದ್ಯರು ಸ್ಟ್ರೆಸ್ ಅಳೆಯೋಕೆ 43 ಘಟನೆಗಳ ಪಟ್ಟಿ ಮಾಡಿದ್ರು. ಸಂಗಾತಿ ತೀರ್ಕೊಂಡ್ರೆ 100 ಪಾಯಿಂಟು, ಮದುವೆಗೆ 50, ರಜಾ ಪ್ರವಾಸಕ್ಕೂ 13! ಅವರ ಲೆಕ್ಕದಲ್ಲಿ ಸ್ಟ್ರೆಸ್ ಅಂದ್ರೆ ಬದುಕಲ್ಲಿ ಆಗೋ ಬದಲಾವಣೆ, ಅದು ಸಿಹಿಯೋ ಕಹಿಯೋ ಮುಖ್ಯ ಅಲ್ಲ. 1983ರಲ್ಲಿ ಕೋಹೆನ್ ಮತ್ತು ಜೊತೆಗಾರರು ಮಾಡಿದ ಸ್ಕೇಲ್ ಘಟನೆ ಕೇಳೋದೇ ಇಲ್ಲ, ಕಳೆದ ಒಂದು ತಿಂಗಳಲ್ಲಿ ಎಲ್ಲಾ ಕೈಮೀರಿ ಹೋಗ್ತಿದೆ ಅಂತ ಎಷ್ಟು ಸಲ ಅನ್ನಿಸ್ತು ಅಂತ ಕೇಳುತ್ತೆ. ಸ್ಟ್ರೆಸ್ ಸಂಶೋಧಕ ಹಾನ್ಸ್ ಸೆಲ್ಯೆಗೆ ಸ್ಟ್ರೆಸ್ ಅಂದ್ರೆ ದೇಹ ಕೊಡೋ ಪ್ರತಿಕ್ರಿಯೆ, ಹಾಗಾಗಿ ಆ ದಾರಿ ಹಿಡಿದೋರು ಜೊಲ್ಲಲ್ಲಿ ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಅಳೀತಾರೆ, ಆ ಕಾರ್ಟಿಸಾಲೋ ಬೆಳಿಗ್ಗೆ ಎದ್ದ ಅರ್ಧ ಗಂಟೇಲಿ ಆರಾಮಾಗಿರೋರಿಗೂ ಏರುತ್ತೆ.

ಈಗ ನಿಮ್ಮ ಕ್ಲಾಸಿಗೇ ಬನ್ನಿ. ಅಪ್ಪಂಗೆ ಟ್ರಾನ್ಸ್‌ಫರ್ ಆಗಿ ಒಬ್ಬಳು ಹೊಸದಾಗಿ ಬಂದು ಸೇರಿದಾಳೆ ಅಂದ್ಕೊಳ್ಳಿ. ಹೋಮ್ಸ್ ಪಟ್ಟಿ ಪ್ರಕಾರ ಮನೆ ಬದಲಾಗಿದ್ದಕ್ಕೆ 20, ಕಾಲೇಜು ಬದಲಾಗಿದ್ದಕ್ಕೆ 20, ಆದ್ರೆ ಹೊಸ ಗೆಳತಿಯರ ಜೊತೆ ಖುಷಿಯಾಗೇ ಇದಾಳೆ. ಪಕ್ಕದ ಬೆಂಚಿನವಳ ಮನೇಲಿ ಏನೂ ಆಗಿಲ್ಲ, ಅಂದ್ರೆ ಸೊನ್ನೆ, ಆದ್ರೆ ನೀಟ್ ಕೋಚಿಂಗ್ ಶುರುವಾದಾಗಿಂದ ದಿನಾ ಉಸಿರುಗಟ್ಟಿದ ಹಾಗೆ ಆಗ್ತಿದೆ ಅವಳಿಗೆ. ಮೊದಲನೇ ಸ್ಕೇಲಲ್ಲಿ ಇವಳು ಕಾಣೋದೇ ಇಲ್ಲ, ಎರಡನೇದ್ರಲ್ಲಿ ಆ ಹೊಸ ಹುಡುಗಿ ಕಾಣಲ್ಲ. ಸಹಾಯ ಯಾರಿಗೆ ಕಳಿಸ್ತೀರಿ?

ಇನ್ನೊಂದು ನೋಡಿ, ಹೋಮ್ಸ್ ಪಟ್ಟೀಲಿ ನಿದ್ದೆ ಅಭ್ಯಾಸ ಬದಲಾದ್ರೆ 16 ಪಾಯಿಂಟು. ನಿದ್ದೆ ಕೆಟ್ಟಿದ್ದು ಕಾರಣಾನಾ, ಪರಿಣಾಮಾನಾ? ಸ್ಟ್ರೆಸ್‌ನಿಂದ ನಿದ್ದೆ ಕೆಡುತ್ತೆ ಅಂತ ತೋರಿಸೋಕೆ ಹೊರಟೋರು ಇದನ್ನೇ ಬಳಸಿದ್ರೆ, ತಾವೇ ಇಟ್ಟ ಉತ್ತರ ತಾವೇ ಹುಡುಕಿದ ಹಾಗೆ.

ಅಳತೆ ಮೊದಲು, ಅರ್ಥ ಆಮೇಲೆ ಅನ್ನೋದು ಹಳೇ ರೋಗ. ಬುದ್ಧಿಶಕ್ತಿ ಅಂದ್ರೆ ಬುದ್ಧಿ ಪರೀಕ್ಷೆಗಳು ಏನನ್ನ ಪರೀಕ್ಷಿಸ್ತವೋ ಅದು ಅಂತ ಬೋರಿಂಗ್ ಅನ್ನೋ ಮನಶ್ಶಾಸ್ತ್ರಜ್ಞ 1923ರಲ್ಲೇ ಬರೆದಿದ್ದ. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಬಿನೆ 1905ರಲ್ಲಿ ಪ್ಯಾರಿಸ್ಸಲ್ಲಿ ಬುದ್ಧಿ ಪರೀಕ್ಷೆ ಮಾಡಿದ್ದು ಶಾಲೇಲಿ ಹಿಂದುಳಿದ ಮಕ್ಕಳಿಗೆ ನೆರವು ಸಿಗ್ಲಿ ಅಂತ, ಅಮೆರಿಕಕ್ಕೆ ಹೋದ್ಮೇಲೆ ಅದೇ ಹುಟ್ಟಾ ಬಂದ ಬುದ್ಧಿಯ ಅಳತೆ ಆಗಿಹೋಯ್ತು. ಈಗ ಕೈಗಡಿಯಾರವೂ ಹೃದಯ ಬಡಿತದ ಏರಿಳಿತ ನೋಡಿ "ಸ್ಟ್ರೆಸ್" ಅಂತ ನಂಬರ್ ತೋರಿಸುತ್ತೆ, ಪೇಪರ್‌ನೋರು ಇಂತಿಷ್ಟು ಪರ್ಸೆಂಟ್ ಮಕ್ಕಳಿಗೆ ಸ್ಟ್ರೆಸ್ ಅಂತ ದಪ್ಪಕ್ಷರದಲ್ಲಿ ಹಾಕ್ತಾರೆ, ಏನನ್ನ ಅಳೆದ್ರಪ್ಪಾ ಅಂತ ಡೆಸ್ಕಲ್ಲಿ ಒಬ್ಬರೂ ಕೇಳಲ್ಲ, ಅದೇ ಸುದ್ದಿ ನೋಡಿ ಅಪ್ಪ ಅಮ್ಮಂದಿರು ಗಾಬರಿ ಬೀಳ್ತಾರೆ.

ಫಾರ್ಮ್ ಕಳಿಸೋ ಮುಂಚೆ ಒಂದಷ್ಟು ಮಕ್ಕಳ ಜೊತೆ ಕೂತು ಮಾತಾಡಿ. ಘಟನೆಯೋ, ಅನಿಸಿಕೆಯೋ, ದೇಹದ ಪ್ರತಿಕ್ರಿಯೆಯೋ, ನೀವು ಹುಡುಕ್ತಿರೋದು ಯಾವುದು ಅಂತ ಒಂದು ಪ್ಯಾರಾ ಬರೆದು ಗೈಡ್ ಮುಂದಿಡಿ. ನಂಗೂ ಒಂದು ಕಾಪಿ ಕಳಿಸಿ, ಸ್ಕೇಲ್ ವಿಷಯ ಆಮೇಲೆ ಮಾತಾಡೋಣ.